ಸಾರ್ಟೆಕ್ಸ್ ಕ್ಯಾಮೆರಾ ಬೋರ್ಡಿನ ಸ್ಕೀಮ್ಯಾಟಿಕ್ (ಸರ್ಕ್ಯೂಟ್ ನಕ್ಷೆ) ನೋಡಿಕೊಡಿ, ಸೋಮವಾರ ಲೇಔಟಿಗೆ (ಬೋರ್ಡಿನ ಮೇಲೆ ಗೆರೆ ಎಳೆಯಲು) ಹೋಗುತ್ತದೆ

ಗಂಗಾವತಿ_ಸೋನಾ:
ಎಲ್ಲರಿಗೂ ನಮಸ್ಕಾರ ರೀ. ನಾನು ಗಂಗಾವತಿಯವನು. ಕಾರಟಗಿ, ಸಿಂಧನೂರು, ಸಿರುಗುಪ್ಪ ಕಡೆಯ ಅಕ್ಕಿ ಗಿರಣಿಗಳಲ್ಲಿ ಸಾರ್ಟೆಕ್ಸ್ ಮಷಿನ್ ರಿಪೇರಿ ಮಾಡುತ್ತೇನೆ. ಅಕ್ಕಿ ಇಳಿಜಾರಿನಿಂದ ಜಾರಿ ಬೀಳುವಾಗ ಕ್ಯಾಮೆರಾ ಒಂದೊಂದು ಕಾಳನ್ನೂ ನೋಡುತ್ತದೆ, ಕಪ್ಪು ಕಾಳು, ಕಲ್ಲು, ಹಳದಿ ಅಕ್ಕಿ ಕಂಡರೆ ಗಾಳಿ ಊದಿ ಪಕ್ಕಕ್ಕೆ ಹಾರಿಸುತ್ತದೆ. ಹಳೆಯ ಮಷಿನ್‌ಗಳಲ್ಲಿ ಈ ಕ್ಯಾಮೆರಾ ಬೋರ್ಡ್ ಕೆಟ್ಟರೆ ಬದಲಿ ಸಿಗುವುದೇ ಇಲ್ಲ, ಸುಗ್ಗಿ ಹೊತ್ತಿನಲ್ಲಿ ಗಿರಣಿ ನಿಂತರೆ ಮಾಲೀಕರ ಮುಖ ನೋಡಲಿಕ್ಕೆ ಆಗುವುದಿಲ್ಲ. ಅದಕ್ಕೆ ನಾನೇ ಒಂದು ಬೋರ್ಡ್ ಮಾಡುತ್ತಿದ್ದೇನೆ. ನವೆಂಬರ್‌ನಲ್ಲಿ ಭತ್ತ ಬರುವುದರೊಳಗೆ ಓಡಬೇಕು.

ಲೆಕ್ಕ ಹೀಗಿದೆ. ಸಾಲಿಗೆ 4096 ಪಿಕ್ಸೆಲ್, 3 ಬಣ್ಣ, ಬಣ್ಣಕ್ಕೆ 8 ಬಿಟ್, ಸೆಕೆಂಡಿಗೆ 20,000 ಸಾಲು. ಒಟ್ಟು ಸೆಕೆಂಡಿಗೆ ಸುಮಾರು 197 ಕೋಟಿ ಬಿಟ್. 8ಬಿ/10ಬಿ ಕೋಡಿಂಗ್ (8 ಬಿಟ್‌ಗೆ 10 ಬಿಟ್ ಕಳಿಸುವುದು) ಸೇರಿಸಿದರೆ 2.46 ಗಿಗಾಬಿಟ್ ಆಗುತ್ತದೆ, ಹಾಗಾಗಿ ಲಿಂಕ್ ವೇಗ 3.125 ಗಿಗಾಬಿಟ್ ಇಟ್ಟಿದ್ದೇನೆ. ಮುಂದಿನ ಕ್ಯಾಮೆರಾಕ್ಕೆ ಒಂದು, ಹಿಂದಿನದಕ್ಕೆ ಒಂದು, ಹೀಗೆ ಎರಡು ಎಸ್‌ಎಫ್‌ಪಿ (ಫೈಬರ್ ಸಿಕ್ಕಿಸುವ ಮಾಡ್ಯೂಲ್). ಕಂಟ್ರೋಲ್ ಪೆಟ್ಟಿಗೆ ತನಕ ಫೈಬರ್. ಎಲಿವೇಟರ್ ಮೋಟರ್, ಪಾಲಿಶರ್, ವಿಎಫ್‌ಡಿ (ಮೋಟರ್ ವೇಗ ಬದಲಿಸುವ ಡ್ರೈವ್) ಎಲ್ಲ ಅಕ್ಕಪಕ್ಕದಲ್ಲೇ ಇರುವುದರಿಂದ ತಾಮ್ರದ ಕೇಬಲ್ ಬೇಡ ಅನಿಸಿತು. ಎಫ್‌ಪಿಜಿಎ ಆರ್ಟಿಕ್ಸ್-7, 35ಟಿ, ಅಂದರೆ ನಮಗೆ ಬೇಕಾದ ಸರ್ಕ್ಯೂಟನ್ನು ಪ್ರೋಗ್ರಾಂ ಮಾಡಿಕೊಳ್ಳುವ ಚಿಪ್. ಅದೇ ಬೋರ್ಡಿನ ಮೇಲೆ ಒಂದು ಸಣ್ಣ ಪ್ರೊಸೆಸರ್ ಮಾಡ್ಯೂಲ್ ಕೂರುತ್ತದೆ, ಅದಕ್ಕೂ ಎಫ್‌ಪಿಜಿಎಗೂ ನಡುವೆ 5 ಗಿಗಾಬಿಟ್‌ನ ಒಂದು ಲೇನ್ ಪಿಸಿಐ ಎಕ್ಸ್‌ಪ್ರೆಸ್.

ಸ್ಕೀಮ್ಯಾಟಿಕ್ 11 ಪುಟ, ಎಲ್ಲವನ್ನೂ ಹಾಕಿದ್ದೇನೆ. ಸಾಫ್ಟ್‌ವೇರ್ ತಪಾಸಣೆಯಲ್ಲಿ ಒಂದೂ ತಪ್ಪು ಬಂದಿಲ್ಲ. ಇಷ್ಟು ವೇಗದ ಲಿಂಕ್ ನಾನು ಮಾಡುತ್ತಿರುವುದು ಇದೇ ಮೊದಲು, ಎಂಟು ಪದರದ ಬೋರ್ಡ್, ಎರಡನೇ ಸಲ ಮಾಡಿಸುವಷ್ಟು ದುಡ್ಡು ಇಲ್ಲ. ದಯವಿಟ್ಟು ನೋಡಿ ಹೇಳಿ.

ಬಳ್ಳಾರಿ_ಕೋಟೆ:
ಗುಡ್ ವರ್ಕ್ ಗುರು. ಲೆಕ್ಕದಿಂದ ಶುರು ಮಾಡಿದ್ದೀಯಲ್ಲ, ಅದೇ ಅರ್ಧ ಕೆಲಸ. ನಾನು ಮೊದಲು ಪುಟ 5ಕ್ಕೆ ಹೋದೆ, ಕ್ಲಾಕ್ ಇರುವ ಪುಟ. ಅಲ್ಲೇ ನಿಂತುಬಿಟ್ಟೆ.

156.25 ಮೆಗಾಹರ್ಟ್ಜ್ ಆಸಿಲೇಟರ್, 3.3 ವೋಲ್ಟ್, ಎಲ್‌ವಿಪೆಕಲ್ ಔಟ್‌ಪುಟ್. ಅಲ್ಲಿಂದ ನೇರ 100 ನ್ಯಾನೋಫ್ಯಾರಡ್ ಕೆಪಾಸಿಟರ್, ಆಮೇಲೆ ಎಫ್‌ಪಿಜಿಎ. ಇದು ಓಡುವುದಿಲ್ಲ. ಎಲ್‌ವಿಪೆಕಲ್ ಔಟ್‌ಪುಟ್ ಅಂದರೆ ಒಳಗೆ ಎಮಿಟರ್ ತೆರೆದಿಟ್ಟ ಟ್ರಾನ್ಸಿಸ್ಟರ್. ಅದರಿಂದ ಡಿಸಿ ಕರೆಂಟ್ ನೆಲಕ್ಕೆ ಹರಿಯಲಿಕ್ಕೆ ನಾವು ದಾರಿ ಕೊಡಬೇಕು, ಇಲ್ಲದಿದ್ದರೆ ಅದು ಸರಿಯಾಗಿ ಸ್ವಿಂಗ್ ಆಗುವುದೇ ಇಲ್ಲ. ಕೆಪಾಸಿಟರ್ ಡಿಸಿಯನ್ನು ತಡೆಯುತ್ತದೆ, ಅಲ್ವಾ? ಹಾಗಾಗಿ ಕೆಪಾಸಿಟರಿಗೆ ಮುಂಚೆ, ಆಸಿಲೇಟರ್ ಬದಿಯಲ್ಲಿ, ಎರಡೂ ತಂತಿಯಿಂದ ನೆಲಕ್ಕೆ ಒಂದೊಂದು 150 ಓಮ್ ಹಾಕು.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಐದು ಬೋರ್ಡ್ ಬಂದವು, ಐದರಲ್ಲೂ ಲಿಂಕ್ ಹಿಡಿಯಲಿಲ್ಲ. ನಾವು ಮೂರು ಜನ 11 ದಿನ ಹುಡುಕಿದೆವು. ಲೇಔಟ್ ಮೇಲೆ ಅನುಮಾನ, ಪವರ್ ಮೇಲೆ ಅನುಮಾನ, ಕನೆಕ್ಟರ್ ಬದಲಿಸಿದೆವು, ಒಂದು ಬೋರ್ಡಿನ ಎಫ್‌ಪಿಜಿಎಯನ್ನೇ ಕಿತ್ತು ಹೊಸದು ಹಾಕಿಸಿದೆವು. ಕೊನೆಗೆ ಒಬ್ಬ ಹುಡುಗ ಸುಮ್ನೆ ಕ್ಲಾಕ್ ಮೇಲೆ ಪ್ರೋಬ್ ಇಟ್ಟ, 60 ಮಿಲಿವೋಲ್ಟ್‌ನ ಒಂದು ಸಣ್ಣ ಅಲೆ ಕಂಡಿತು, ಅಷ್ಟೇ. ಕೆಪಾಸಿಟರ್ ಪ್ಯಾಡಿನಿಂದ ನೆಲಕ್ಕೆ ಕೈಯಿಂದ ಎರಡು 150 ಓಮ್ ಬೆಸುಗೆ ಹಾಕಿದೆವು, ಒಂದೇ ನಿಮಿಷದಲ್ಲಿ ಲಿಂಕ್ ಬಂತು. ಆ ಸ್ಕೀಮ್ಯಾಟಿಕ್ ಅನ್ನು ಪರಿಶೀಲಿಸಿ ಸಹಿ ಹಾಕಿದವನು ನಾನೇ. ಆವತ್ತಿನಿಂದ ಯಾರ ಬೋರ್ಡ್ ಬಂದರೂ ಮೊದಲು ಕ್ಲಾಕ್ ಪುಟ ತೆಗೆಯುತ್ತೇನೆ.

ಅದೇ ಪುಟದಲ್ಲಿ ಇನ್ನೊಂದು. ಎಫ್‌ಪಿಜಿಎ ಬದಿಯಲ್ಲಿ 100 ಓಮ್ ಟರ್ಮಿನೇಷನ್ (ಗೆರೆಯ ಕೊನೆಯಲ್ಲಿ ಇಡುವ ರೆಸಿಸ್ಟರ್) ಇಟ್ಟಿದ್ದೀಯ. ಈ ರೆಫರೆನ್ಸ್ ಕ್ಲಾಕ್ ಪಿನ್‌ಗಳಿಗೆ ಟರ್ಮಿನೇಷನ್ ಚಿಪ್ ಒಳಗೇ ಇದೆ. ಹೊರಗೂ ಇಟ್ಟರೆ ಎರಡೂ ಸೇರಿ 50 ಓಮ್ ಆಗುತ್ತದೆ. ತೆಗೆದುಬಿಡು.

ಗಂಗಾವತಿ_ಸೋನಾ:
ಅಣ್ಣಾ, ನಾನು ಹಿಂದಿನ ಡಿಸೈನ್‌ನಲ್ಲಿ ಎಲ್‌ವಿಡಿಎಸ್ (ಇನ್ನೊಂದು ಬಗೆಯ ಔಟ್‌ಪುಟ್) ಆಸಿಲೇಟರ್ ಬಳಸಿದ್ದೆ. ಈ ಸಲ ಜಿಟರ್ (ಕ್ಲಾಕ್‌ನ ನಡುಕ) ಕಡಿಮೆ ಇದೆ ಅಂತ ಇದನ್ನು ಹಾಕಿದೆ, ಪಿನ್ ಜಾಗ ಒಂದೇ ಇತ್ತು, ಸ್ಕೀಮ್ಯಾಟಿಕ್‌ನ ಸಂಕೇತ ಬದಲಿಸಲಿಲ್ಲ, ಪಾರ್ಟ್ ನಂಬರ್ ಮಾತ್ರ ಬದಲಿಸಿದೆ. ಈಗ ಗೊತ್ತಾಯಿತು. 150 ಓಮ್ ಹಾಕಿದೆ, ಹೊರಗಿನ 100 ಓಮ್ ತೆಗೆದೆ.

ಸಿರುಗುಪ್ಪ_ರೂಟಿಂಗ್:
ಒಂದು ಮಾತು ಹೇಳಲೇ? ಇಷ್ಟು ವೇಗದ ಲಿಂಕ್‌ನಲ್ಲಿ ಸ್ಕೀಮ್ಯಾಟಿಕ್ ಮೇಲೆ ಇಷ್ಟು ತಲೆ ಕೆಡಿಸಿಕೊಳ್ಳುವುದು ಬೇಡ ಅನಿಸುತ್ತದೆ. ನಾಲ್ಕು ಗೆರೆ, ನಾಲ್ಕು ಕೆಪಾಸಿಟರ್, ಅಷ್ಟೇ ತಾನೇ. ನಿಜವಾದ ಆಟ ಲೇಔಟ್‌ನಲ್ಲಿ. ಇಂಪೀಡೆನ್ಸ್, ವಯಾ ಸ್ಟಬ್ (ಪದರ ದಾಟುವ ರಂಧ್ರದಲ್ಲಿ ಬಳಕೆಯಾಗದೆ ಉಳಿಯುವ ತುಂಡು), ಪಿ-ಎನ್ (ಜೋಡಿಯ ಎರಡು ಗೆರೆ) ಉದ್ದ ಸರಿಹೊಂದಿಸುವುದು. ಅಲ್ಲಿ ತಪ್ಪಿದರೆ ಯಾವ ರೆಸಿಸ್ಟರೂ ಉಳಿಸುವುದಿಲ್ಲ.

ಬಳ್ಳಾರಿ_ಕೋಟೆ:
ಲೇಔಟ್ ಮುಖ್ಯ, ಒಪ್ಪುತ್ತೇನೆ. ಆದರೆ ಈ ಬೋರ್ಡಿನ ವೇಗಕ್ಕೆ ಲೆಕ್ಕ ಹಾಕಿ ನೋಡೋಣ. 3.125 ಗಿಗಾಬಿಟ್ ಅಂದರೆ ಒಂದು ಬಿಟ್ 320 ಪಿಕೋಸೆಕೆಂಡ್. ಸಾಮಾನ್ಯ ಎಫ್‌ಆರ್-4 ಬೋರ್ಡಿನಲ್ಲಿ ಸಿಗ್ನಲ್ ಒಂದು ಮಿಲಿಮೀಟರ್ ಹೋಗಲು 6ರಿಂದ 7 ಪಿಕೋಸೆಕೆಂಡ್ ಬೇಕು. ಪಿ ಮತ್ತು ಎನ್ ನಡುವೆ ಒಂದು ಮಿಲಿಮೀಟರ್ ವ್ಯತ್ಯಾಸ ಬಂದರೂ ಬಿಟ್‌ನ ಐವತ್ತರಲ್ಲಿ ಒಂದು ಭಾಗ. ವಯಾ ಸ್ಟಬ್ 1.5 ಮಿಲಿಮೀಟರ್ ಇದ್ದರೆ ಅದರ ಕಾಲು ಅಲೆಯ ರೆಸೊನೆನ್ಸ್ ಸುಮಾರು 25 ಗಿಗಾಹರ್ಟ್ಜ್‌ನಲ್ಲಿ ಬರುತ್ತದೆ, ನಮ್ಮ ಮೂಲ ಆವರ್ತನ 1.56 ಗಿಗಾಹರ್ಟ್ಜ್. ಎಷ್ಟು ದೂರ ನೋಡಿ. 25 ಗಿಗಾಬಿಟ್‌ನ ಬೋರ್ಡ್ ಆಗಿದ್ದರೆ ನಿಮ್ಮ ಮಾತೇ ಮೊದಲು ಬರುತ್ತಿತ್ತು, ಅಲ್ಲಿ ಸ್ಟಬ್ ಡ್ರಿಲ್ ಮಾಡಿ ತೆಗೆಯಬೇಕಾಗುತ್ತದೆ.

ಇನ್ನೊಂದು ವಿಷಯ. ಲೇಔಟ್ ಸ್ವಲ್ಪ ಕೆಟ್ಟರೆ ಸಿಗ್ನಲ್‌ನ ಕಣ್ಣು (ಸ್ಕೋಪ್‌ನಲ್ಲಿ 0, 1ರ ನಡುವೆ ಕಾಣುವ ತೆರಪು) ಸ್ವಲ್ಪ ಮುಚ್ಚುತ್ತದೆ, ಸಿಗ್ನಲ್ ತಿದ್ದುವ ಈಕ್ವಲೈಸರ್ ತಿರುಗಿಸಿ ಸರಿ ಮಾಡಿಕೊಳ್ಳಬಹುದು. ಕ್ಲಾಕೇ ಇಲ್ಲದಿದ್ದರೆ ಏನು ತಿರುಗಿಸುತ್ತೀರಿ?

ಸಿರುಗುಪ್ಪ_ರೂಟಿಂಗ್:
25 ಗಿಗಾಹರ್ಟ್ಜ್ ಲೆಕ್ಕ ನಾನೂ ಹಾಕಿ ನೋಡಿದೆ, ಸರಿ ಇದೆ. ಈ ಬೋರ್ಡಿಗೆ ನಿಮ್ಮ ಮಾತು ಒಪ್ಪಿದೆ. ಲೇಔಟ್ ಮಾಡಲು ಯಾರೂ ಸಿಗದಿದ್ದರೆ ಹೇಳು ತಮ್ಮಾ, ಆ ವೇಗದ ಗೆರೆಗಳನ್ನು ನಾನು ಎಳೆದುಕೊಡುತ್ತೇನೆ.

ಕೊಪ್ಪಳ_ಲ್ಯಾಬ್:
ನಮಸ್ಕಾರ. ನಾನು ಕೊಪ್ಪಳದಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತೇನೆ. ಪುಟ 6, ಪ್ರೊಸೆಸರ್ ಮಾಡ್ಯೂಲ್ ಕೂರುವ ಕನೆಕ್ಟರ್ ನೋಡುತ್ತಿದ್ದೆ. ಎರಡು ಪ್ರಶ್ನೆ.

ಒಂದು, ಕನೆಕ್ಟರ್‌ನಲ್ಲಿ ಪಿಸಿಐಇ_ಟಿಎಕ್ಸ್ ಎಂದು ಹೆಸರಿರುವ ಪಿನ್‌ಗಳಿಗೆ ನೀವು ಎಫ್‌ಪಿಜಿಎಯ ಟಿಎಕ್ಸ್ ಜೋಡಿಸಿದ್ದೀರಿ. ಆ ಹೆಸರು ಯಾರ ಕಡೆಯಿಂದ ನೋಡಿ ಇಟ್ಟದ್ದು? ಮಾಡ್ಯೂಲ್ ಕಳಿಸುವುದಕ್ಕೆ ಟಿಎಕ್ಸ್ ಅಂತಾರೋ, ಕೆಳಗಿನ ಬೋರ್ಡ್ ಕಳಿಸುವುದಕ್ಕೋ? ಒಬ್ಬೊಬ್ಬ ತಯಾರಕರು ಒಂದೊಂದು ಥರ ಬರೆಯುತ್ತಾರೆ. ಮಾಡ್ಯೂಲ್‌ನ ಕೈಪಿಡಿಯಲ್ಲಿ ಹೆಸರಿನ ಕಾಲಂ ಬಿಡಿ, ಪಕ್ಕದಲ್ಲಿ ಇನ್‌ಪುಟ್ ಅಥವಾ ಔಟ್‌ಪುಟ್ ಎಂದು ದಿಕ್ಕು ಬರೆದಿರುತ್ತಾರೆ, ಅದನ್ನು ನೋಡಿ.

ಎರಡು, ನೀವು ಟಿಎಕ್ಸ್ (ಕಳಿಸುವ ಗೆರೆ) ಮೇಲೂ ಆರ್‌ಎಕ್ಸ್ (ಪಡೆಯುವ ಗೆರೆ) ಮೇಲೂ 100 ನ್ಯಾನೋಫ್ಯಾರಡ್ ಇಟ್ಟಿದ್ದೀರಿ. ಪಿಸಿಐ ಎಕ್ಸ್‌ಪ್ರೆಸ್‌ನಲ್ಲಿ ಕೆಪಾಸಿಟರ್ ಕಳಿಸುವವರ ಬದಿಯಲ್ಲಿ ಇರಬೇಕು. ಮಾಡ್ಯೂಲ್ ಕಳಿಸುವ ಗೆರೆಗೆ ಮಾಡ್ಯೂಲ್ ಮೇಲೆಯೇ ಕೆಪಾಸಿಟರ್ ಇದೆಯಾ ನೋಡಿ. ಇದ್ದರೆ ನಿಮ್ಮದೂ ಸೇರಿ ಎರಡು 100 ಸಾಲಾಗಿ ಬಂದು 50 ಆಗುತ್ತದೆ. 5 ಗಿಗಾಬಿಟ್‌ಗೆ ನಿಯಮ 75ರಿಂದ 200 ನ್ಯಾನೋಫ್ಯಾರಡ್.

ಗಂಗಾವತಿ_ಸೋನಾ:
ಮೇಡಂ, ಕೈಪಿಡಿ ತೆಗೆದು ನೋಡಿದೆ. ಕೈ ನಡುಗಿತು. ಟಿಎಕ್ಸ್ ಎದುರಿಗೆ ಔಟ್‌ಪುಟ್ ಎಂದೇ ಇದೆ, ಅಂದರೆ ಮಾಡ್ಯೂಲ್ ಕಳಿಸುವುದು. ನಾನು ಕಳಿಸುವವನಿಗೆ ಕಳಿಸುವವನನ್ನೇ ಜೋಡಿಸಿದ್ದೆ. ಹೆಸರು ಹೆಸರಿಗೆ ಹೊಂದುತ್ತದೆ ಅಂತ ಗೆರೆ ಎಳೆದುಬಿಟ್ಟೆ. ಕೆಪಾಸಿಟರ್ ಕೂಡ ಮಾಡ್ಯೂಲ್ ಮೇಲೆ ಇದೆಯಂತೆ.

ಒಂದು ಅರ್ಥ ಆಗಲಿಲ್ಲ. ಸಾಫ್ಟ್‌ವೇರ್ ಯಾಕೆ ಹೇಳಲಿಲ್ಲ? ಔಟ್‌ಪುಟ್ ಔಟ್‌ಪುಟ್ ಸೇರಿದರೆ ಎರರ್ ಬರಬೇಕಲ್ವಾ?

ಕೊಪ್ಪಳ_ಲ್ಯಾಬ್:
ಕನೆಕ್ಟರ್ ಪಿನ್‌ಗೆ ದಿಕ್ಕು ಇರುವುದಿಲ್ಲ, ಸಂಕೇತದಲ್ಲಿ ಅದನ್ನು ಪ್ಯಾಸಿವ್ ಎಂದು ಇಟ್ಟಿರುತ್ತಾರೆ. ನಡುವೆ ಕೆಪಾಸಿಟರ್ ಬೇರೆ ಇದೆ, ಅದೂ ಪ್ಯಾಸಿವ್. ತಪಾಸಣೆ ಅಲ್ಲಿಗೇ ನಿಲ್ಲುತ್ತದೆ. ಆಚೆ ಬದಿಯ ಬೋರ್ಡ್‌ನಲ್ಲಿ ಏನಿದೆ ಅನ್ನುವುದು ಸಾಫ್ಟ್‌ವೇರಿಗೆ ಗೊತ್ತೇ ಇಲ್ಲ. ಎರಡು ಬೋರ್ಡ್ ಸೇರುವ ಜಾಗದಲ್ಲಿ ಮನುಷ್ಯನೇ ನೋಡಬೇಕು.

ಪಿ ಮತ್ತು ಎನ್ ಅದಲುಬದಲಾದರೆ ಪಿಸಿಐ ಎಕ್ಸ್‌ಪ್ರೆಸ್‌ನ ರಿಸೀವರ್ ತಾನೇ ಸರಿಮಾಡಿಕೊಳ್ಳುತ್ತದೆ, ಅದು ನಿಯಮದಲ್ಲೇ ಇದೆ. ನಿಮ್ಮ ಎಸ್‌ಎಫ್‌ಪಿ ಲಿಂಕ್‌ನಲ್ಲೂ ಎಫ್‌ಪಿಜಿಎ ಒಳಗೆ ತಿರುಗಿಸಬಹುದು, ತಿರುಗಿಸಿದರೆ ಸ್ಕೀಮ್ಯಾಟಿಕ್ ಮೇಲೆ ಬರೆದಿಡಿ. ಆದರೆ ಟಿಎಕ್ಸ್-ಆರ್‌ಎಕ್ಸ್ ಅದಲುಬದಲಾದರೆ ಯಾರೂ ಸರಿಮಾಡುವುದಿಲ್ಲ.

ಕೆಪಾಸಿಟರ್ ಯಾಕೆ ಅಷ್ಟು ಮುಖ್ಯ ಅಂತ ನನ್ನ ವಿದ್ಯಾರ್ಥಿಗಳು ಕೇಳುತ್ತಾರೆ, ಇಲ್ಲೂ ಹೇಳುತ್ತೇನೆ. ಪಿಸಿಐ ಎಕ್ಸ್‌ಪ್ರೆಸ್‌ನಲ್ಲಿ ಕಳಿಸುವವನು ಮೊದಲು ಎದುರಿಗೆ ಯಾರಾದರೂ ಇದ್ದಾರಾ ಎಂದು ತಿಳಿಯಬೇಕು. ಅದಕ್ಕೆ ಗೆರೆಯ ಮೇಲೆ ಒಂದು ವೋಲ್ಟೇಜ್ ಏರಿಸಿ, ಅದು ಎಷ್ಟು ಹೊತ್ತಿನಲ್ಲಿ ಏರುತ್ತದೆ ನೋಡುತ್ತದೆ. ಎದುರಿಗೆ ರಿಸೀವರ್ ಇದ್ದರೆ ಈ ಕೆಪಾಸಿಟರ್ ತುಂಬಬೇಕು, ನಿಧಾನವಾಗುತ್ತದೆ. ಯಾರೂ ಇಲ್ಲದಿದ್ದರೆ ಥಟ್ಟನೆ ಏರುತ್ತದೆ. ಕೆಪಾಸಿಟರ್ ಚಿಕ್ಕದಾದಷ್ಟೂ ಎರಡರ ನಡುವಿನ ವ್ಯತ್ಯಾಸ ಕಡಿಮೆ. 50 ನ್ಯಾನೋಫ್ಯಾರಡ್‌ನಲ್ಲಿ ಒಂದು ಬೋರ್ಡ್ ಓಡಬಹುದು, ಇನ್ನೊಂದು ಬೆಳಿಗ್ಗೆ ಓಡಿ ಮಧ್ಯಾಹ್ನ ಓಡದಿರಬಹುದು. ಇಂಥದ್ದನ್ನು ಗಿರಣಿಯಲ್ಲಿ ಹುಡುಕುವುದು ತುಂಬಾ ಕಷ್ಟ.

ಶಕ್ತಿನಗರ_ಹಳದಿ_ಪೆನ್:
ತಮ್ಮಾ, ನಾನು ಈ ವೇಗದ ಲಿಂಕ್, ಸರ್ಡೆಸ್ ಗಿರ್ಡೆಸ್ ಮಾಡಿದವನಲ್ಲ. ಜೀವನಪೂರ್ತಿ ಪವರ್ ಪ್ಲಾಂಟಿನಲ್ಲಿ ಇನ್‌ಸ್ಟ್ರುಮೆಂಟೇಷನ್ ನೋಡಿದೆ, ಈಗ ರಿಟೈರ್ ಆಗಿ ರಾಯಚೂರಿನಲ್ಲಿ ಇದ್ದೇನೆ. ಆದರೆ ನಿನ್ನ ಪ್ರಶ್ನೆಗೆ ನನ್ನ ಹತ್ತಿರ ಒಂದು ಉತ್ತರ ಇದೆ.

ಹೊಸ ಯುನಿಟ್ ಚಾಲೂ ಮಾಡುವಾಗ ಸಾವಿರಾರು ತಂತಿ. ಡ್ರಾಯಿಂಗ್ ಸರಿ ಇದೆ ಎಂದು ಯಾರ ಬಾಯಿಮಾತನ್ನೂ ಒಪ್ಪುತ್ತಿರಲಿಲ್ಲ. ದೊಡ್ಡ ಕಾಗದದ ಮೇಲೆ ಪ್ರಿಂಟ್ ತೆಗೆಯುತ್ತಿದ್ದೆವು, ಕೈಯಲ್ಲಿ ಹಳದಿ ಪೆನ್. ಒಂದು ತಂತಿಯನ್ನು ಈ ತುದಿಯ ಟರ್ಮಿನಲ್‌ನಿಂದ ಆ ತುದಿಯ ಟರ್ಮಿನಲ್ ತನಕ ನೋಡಿದ ಮೇಲೆಯೇ ಆ ಗೆರೆಗೆ ಹಳದಿ. ಅರ್ಧ ನೋಡಿದರೆ ಅರ್ಧಕ್ಕೂ ಹಳದಿ ಇಲ್ಲ. ಸಂಜೆ ಕಾಗದ ಮೇಲೆತ್ತಿ ಹಿಡಿದರೆ ಬಿಳಿ ಉಳಿದದ್ದು ತಾನೇ ಕಾಣುತ್ತದೆ.

ನೀನೂ ಹಾಗೇ ಮಾಡು. 11 ಪುಟವನ್ನು ಎ3ರಲ್ಲಿ ಪ್ರಿಂಟ್ ತೆಗಿ. ಒಂದೊಂದು ಗೆರೆಗೂ ಎರಡೂ ತುದಿಯ ಡೇಟಾಶೀಟ್ ತೆರೆದಿಟ್ಟುಕೊ. ಈ ತುದಿ ಏನು ಕಳಿಸುತ್ತದೆ, ಆ ತುದಿ ಏನು ಬಯಸುತ್ತದೆ, ಎಷ್ಟು ವೋಲ್ಟ್, ತೆರೆದು ಬಿಟ್ಟರೆ ಏನಾಗುತ್ತದೆ. ಈ ನಾಲ್ಕೂ ಗೊತ್ತಾದರೆ ಹಳದಿ. ಗೆರೆಯ ಹೆಸರನ್ನು ಓದಲೇ ಬೇಡ, ಬೆರಳಿಟ್ಟು ದಾರಿ ಹಿಡಿದು ಹೋಗು.

ಮತ್ತೆ ಬಿಸಿಲಿನ ವಿಷಯ. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮ ಕಡೆ ನೆರಳಲ್ಲೇ 42, 43 ಡಿಗ್ರಿ ಆಗುತ್ತದೆ. ತೌಡಿನ ಧೂಳು ಬರಬಾರದು ಅಂತ ನೀನು ಪೆಟ್ಟಿಗೆ ಮುಚ್ಚಿರುತ್ತೀಯ, ಒಳಗೆ ಎಲ್‌ಇಡಿ ದೀಪ ಬೇರೆ. ಪಾರ್ಟ್ಸ್ ಪಟ್ಟಿಯಲ್ಲಿ ಎಸ್‌ಎಫ್‌ಪಿ ಎದುರಿಗೆ 0ರಿಂದ 70 ಡಿಗ್ರಿ ಎಂದಿದೆ. ಪೆಟ್ಟಿಗೆ ಒಳಗೆ ನಿಜವಾಗಿ ಎಷ್ಟಿದೆ ಅಳೆದಿದ್ದೀಯಾ?

ಗಂಗಾವತಿ_ಸೋನಾ:
ಕಾಕಾ, ಅಳೆದಿರಲಿಲ್ಲ. ಇವತ್ತು ಕಾರಟಗಿಯಲ್ಲಿ ಓಡುತ್ತಿರುವ ಒಂದು ಮಷಿನ್‌ನಲ್ಲಿ ತರ್ಮೋಕಪಲ್ ಇಟ್ಟು ನೋಡಿದೆ. ಮಳೆಗಾಲದಲ್ಲೇ ಪೆಟ್ಟಿಗೆಯೊಳಗೆ 52 ಡಿಗ್ರಿ. ಬೇಸಿಗೆಯಲ್ಲಿ ಇನ್ನೂ ಹತ್ತು ಸೇರಿಸಿ, ಎಸ್‌ಎಫ್‌ಪಿ ಮಾಡ್ಯೂಲ್‌ನ ಸ್ವಂತ ಬಿಸಿಯನ್ನೂ ಸೇರಿಸಿದರೆ 70ರ ಹತ್ತಿರ ಹೋಗುತ್ತದೆ. ಮೈನಸ್ 40ರಿಂದ 85ರ ಇಂಡಸ್ಟ್ರಿಯಲ್ ಮಾಡ್ಯೂಲ್‌ಗೆ ಬದಲಿಸಿದೆ, ಆಸಿಲೇಟರ್ ಕೂಡ.

ಹಳದಿ ಪೆನ್ ತಂದಿದ್ದೇನೆ. ಇವತ್ತು ರಾತ್ರಿ ಪುಟ 1ರಿಂದ ಶುರು.

ಬಳ್ಳಾರಿ_ಕೋಟೆ:
ಕಾಕಾ ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಪವರ್ ಪುಟ ಮುಗಿಸಿದೆ, ಬೇಗ ಹೇಳುತ್ತೇನೆ.

ಟ್ರಾನ್ಸೀವರ್‌ಗೆ (ಎಫ್‌ಪಿಜಿಎ ಒಳಗೆ ವೇಗದ ಲಿಂಕ್ ನಡೆಸುವ ಭಾಗ) 1.0 ವೋಲ್ಟ್ ಮತ್ತು 1.2 ವೋಲ್ಟ್ ಹೋಗುವ ದಾರಿಯಲ್ಲಿ ಗದ್ದಲ ತಡೆಯುವ ಫೆರೈಟ್ ಬೀಡ್ ಇಟ್ಟಿದ್ದೀಯ. ಅದರ ಡಿಸಿ ರೆಸಿಸ್ಟೆನ್ಸ್ 0.05 ಓಮ್. ಅರ್ಧ ಆಂಪಿಯರ್ ಹರಿದರೆ 25 ಮಿಲಿವೋಲ್ಟ್ ಅಲ್ಲೇ ಹೋಯಿತು. 1.0 ವೋಲ್ಟ್ ರೈಲಿಗೆ 0.97ಕ್ಕಿಂತ ಕೆಳಗೆ ಹೋಗುವ ಹಾಗಿಲ್ಲ, ಅಂದರೆ 30 ಮಿಲಿವೋಲ್ಟ್ ಮಾತ್ರ ಜಾಗ. ಕಡಿಮೆ ರೆಸಿಸ್ಟೆನ್ಸ್ ಇರುವ ಬೀಡ್ ಹುಡುಕು. ರೆಗ್ಯುಲೇಟರ್‌ನ ಫೀಡ್‌ಬ್ಯಾಕ್ ಬೀಡ್ ಆಚೆಯಿಂದ ತಗೊಳ್ಳುವುದು ಅಂತ ಯೋಚಿಸಬೇಡ, ಅದು ರೆಗ್ಯುಲೇಟರನ್ನೇ ಅಲುಗಾಡಿಸಬಹುದು. ಈ ರೈಲುಗಳ ಮೇಲೆ ಗದ್ದಲ 10 ಮಿಲಿವೋಲ್ಟ್ ದಾಟಬಾರದು, ಪೀಕ್‌ನಿಂದ ಪೀಕ್‌ಗೆ.

ಕ್ಯಾಲಿಬ್ರೇಷನ್ ರೆಸಿಸ್ಟರ್ 100 ಓಮ್ ಅನ್ನು ನೆಲಕ್ಕೆ ಕಟ್ಟಿದ್ದೀಯ. ಈ ಚಿಪ್‌ನಲ್ಲಿ ಅದು 1.2 ವೋಲ್ಟ್ ರೈಲಿಗೆ ಹೋಗಬೇಕು, ಶೇ 1ರ ರೆಸಿಸ್ಟರ್. ಒಳಗಿನ ಟರ್ಮಿನೇಷನ್ ಎಲ್ಲ ಅದನ್ನು ನೋಡಿ ಹೊಂದಿಸಿಕೊಳ್ಳುತ್ತದೆ.

ಸೆನ್ಸರ್‌ನಿಂದ ಬರುವ ಎಲ್‌ವಿಡಿಎಸ್ ಗೆರೆಗಳು ಹೋಗುವ ಬ್ಯಾಂಕ್‌ಗೆ (ಎಫ್‌ಪಿಜಿಎ ಪಿನ್‌ಗಳ ಗುಂಪು) 3.3 ವೋಲ್ಟ್ ಕೊಟ್ಟಿದ್ದೀಯ. 2.5 ವೋಲ್ಟ್ ಕೊಟ್ಟರೆ ಮಾತ್ರ ಒಳಗಿನ 100 ಓಮ್ ಬಳಸಬಹುದು. ಒಂದೋ ಬ್ಯಾಂಕ್ 2.5 ಮಾಡು, ಇಲ್ಲಾ ಪ್ರತಿ ಜೋಡಿಗೂ ಹೊರಗೆ 100 ಓಮ್ ಇಡು. ಕ್ಲಾಕ್ ಪಿನ್‌ಗೆ ಹೊರಗೆ ಬೇಡ, ಇಲ್ಲಿ ಬೇಕು. ಗೊಂದಲ ಆಗಬೇಡ.

ತೋರಣಗಲ್_ನೈಟ್_ಶಿಫ್ಟ್:
ಎಸ್‌ಎಫ್‌ಪಿ ಪುಟ ನಾನು ನೋಡಿದೆ. ನಾವು ಪ್ಲಾಂಟಿನಲ್ಲಿ ಫೈಬರ್ ಸ್ವಿಚ್‌ಗಳ ಜೊತೆ ದಿನಾ ಗುದ್ದಾಡುತ್ತೇವೆ, ಅದರಿಂದ ಇದು ಗೊತ್ತು. ಎರಡೂ ಎಸ್‌ಎಫ್‌ಪಿಯ ಐ2ಸಿ (ಮಾಡ್ಯೂಲ್‌ನ ಮಾಹಿತಿ ಓದುವ) ಗೆರೆಗಳನ್ನು ಒಂದೇ ಬಸ್‌ಗೆ ಸೇರಿಸಿದ್ದೀರಿ. ಯಾವ ಕಂಪನಿಯ ಎಸ್‌ಎಫ್‌ಪಿ ಆದರೂ ಒಳಗಿನ ಮೆಮೊರಿಯ ವಿಳಾಸ ಒಂದೇ, 0ಎಕ್ಸ್50. ಇಬ್ಬರೂ ಒಟ್ಟಿಗೆ ಉತ್ತರ ಕೊಡುತ್ತಾರೆ, ನೀವು ಯಾರ ಉಷ್ಣತೆ ಓದುತ್ತಿದ್ದೀರಿ ಗೊತ್ತಾಗುವುದಿಲ್ಲ. ಎಫ್‌ಪಿಜಿಎಯಲ್ಲಿ ಪಿನ್ ಜಾಸ್ತಿ ಇವೆಯಲ್ಲ, ಬೇರೆ ಬೇರೆ ಗೆರೆ ಕೊಟ್ಟುಬಿಡಿ.

ಡೇಟಾ ಗೆರೆಗಳ ಮೇಲೆ 100 ನ್ಯಾನೋಫ್ಯಾರಡ್ ಬೇಡ, ಎಸ್‌ಎಫ್‌ಪಿ ಮಾಡ್ಯೂಲ್ ಒಳಗೇ ಅದು ಇರುತ್ತದೆ. ಇಟ್ಟರೆ ಲಿಂಕ್ ನಿಲ್ಲುವುದಿಲ್ಲ, 8ಬಿ/10ಬಿಯಲ್ಲಿ ಒಂದೇ ಥರದ ಬಿಟ್ ಐದಕ್ಕಿಂತ ಜಾಸ್ತಿ ಸಾಲಾಗಿ ಬರುವುದಿಲ್ಲ, ಆದರೂ ಸುಮ್ನೆ ಎಂಟು ಕೆಪಾಸಿಟರ್ ಗೆರೆ ಮಧ್ಯೆ ಯಾಕೆ. ಎಲ್‌ಒಎಸ್ (ಬೆಳಕು ಬರುತ್ತಿಲ್ಲ ಎಂದು ಹೇಳುವ ಪಿನ್), ಫಾಲ್ಟ್, ಮಾಡ್ಯೂಲ್ ಇದೆಯಾ ಎನ್ನುವ ಪಿನ್, ಈ ಮೂರಕ್ಕೂ ಪುಲ್-ಅಪ್ (ಗೆರೆಯನ್ನು ಮೇಲಕ್ಕೆ ಎಳೆಯುವ ರೆಸಿಸ್ಟರ್) ಬೇಕು, 4.7 ಕಿಲೋದಿಂದ 10 ಕಿಲೋ ಓಮ್. ಒಂದು ಎಸ್‌ಎಫ್‌ಪಿಗೆ ಇಟ್ಟಿದ್ದೀರಿ, ಎರಡನೆಯದಕ್ಕೆ ಮರೆತಿದ್ದೀರಿ.

ಗಂಗಾವತಿ_ಸೋನಾ:
ಕಾಪಿ-ಪೇಸ್ಟ್ ಮಾಡುವಾಗ ಬಿಟ್ಟುಹೋಗಿದೆ. ಹಾಕಿದೆ. ಲೇಔಟನ್ನು ಒಂದು ವಾರ ಮುಂದೆ ಹಾಕಿದ್ದೇನೆ.

ಕೊಪ್ಪಳ_ಲ್ಯಾಬ್:
ಇನ್ನೊಂದು ಮುಖ್ಯ ವಿಷಯ ಹೊಳೆಯಿತು. ಇದು ವೇಗದ ಗೆರೆಯ ಮೇಲೆ ಇಲ್ಲ, ಆದರೆ ಲಿಂಕ್ ಬರುವುದು ಬಿಡುವುದು ಇದರ ಮೇಲೆ ನಿಂತಿದೆ. ಪುಟ 9, ಕಾನ್ಫಿಗರೇಷನ್ ಫ್ಲ್ಯಾಶ್.

ಪಿಸಿಐ ಎಕ್ಸ್‌ಪ್ರೆಸ್‌ನಲ್ಲಿ ವಿದ್ಯುತ್ ಸ್ಥಿರವಾದ ಮೇಲೆ ರೀಸೆಟ್ ಅನ್ನು ಕನಿಷ್ಠ 100 ಮಿಲಿಸೆಕೆಂಡ್ ಹಿಡಿದಿರುತ್ತಾರೆ. ಅದು ಬಿಟ್ಟ ಕೂಡಲೇ ಪ್ರೊಸೆಸರ್ ಎದುರಿಗೆ ಯಾರಿದ್ದಾರೆ ಎಂದು ಹುಡುಕುತ್ತದೆ. ಅಷ್ಟರೊಳಗೆ ಎಫ್‌ಪಿಜಿಎ ಫ್ಲ್ಯಾಶ್‌ನಿಂದ ತನ್ನ ಪ್ರೋಗ್ರಾಂ ಓದಿ ಎದ್ದಿರಬೇಕು. 35ಟಿಯ ಬಿಟ್‌ಸ್ಟ್ರೀಮ್ ಸುಮಾರು 1.75 ಕೋಟಿ ಬಿಟ್. ನೀವು ಫ್ಲ್ಯಾಶ್‌ನ ಒಂದು ಡೇಟಾ ಗೆರೆ ಮಾತ್ರ ಓದಲು ಜೋಡಿಸಿದ್ದೀರಿ, ಉಳಿದೆರಡು ಪಿನ್ ಅನ್ನು 3.3 ವೋಲ್ಟ್‌ಗೆ ಎಳೆದು ಬಿಟ್ಟಿದ್ದೀರಿ. ಮೊದಲಿಗೆ ಬರುವ 3 ಮೆಗಾಹರ್ಟ್ಜ್ ವೇಗದಲ್ಲಿ ಒಂದೇ ಗೆರೆಯಲ್ಲಿ ಓದಿದರೆ 5.8 ಸೆಕೆಂಡ್ ಬೇಕು. ಪ್ರೊಸೆಸರ್ ಹುಡುಕಿ, ಯಾರೂ ಇಲ್ಲ ಎಂದು ಮುಂದೆ ಹೋಗಿರುತ್ತದೆ. ನಾಲ್ಕು ಗೆರೆ ಜೋಡಿಸಿ 66 ಮೆಗಾಹರ್ಟ್ಜ್‌ನಲ್ಲಿ ಓದಿದರೆ 66 ಮಿಲಿಸೆಕೆಂಡ್. ಎಫ್‌ಪಿಜಿಎ ಏಳುವ ಸಮಯವನ್ನೂ ಸೇರಿಸಿದರೆ ಇನ್ನೂ ಬಿಗಿಯೇ, ಬಿಟ್‌ಸ್ಟ್ರೀಮ್ ಕಂಪ್ರೆಸ್ ಮಾಡಿ. ರೀಸೆಟ್ ಬಿಡುವುದನ್ನು ತಡಮಾಡಲು ಮಾಡ್ಯೂಲ್‌ನಲ್ಲಿ ದಾರಿ ಇದ್ದರೆ ಅದನ್ನೂ ಬಳಸಿ.

ಈ ತಪ್ಪಿನ ತೊಂದರೆ ಏನೆಂದರೆ, ಟೇಬಲ್ ಮೇಲೆ ಕಾಣುವುದೇ ಇಲ್ಲ. ನೀವು ಕೇಬಲ್‌ನಿಂದ ಪ್ರೋಗ್ರಾಂ ಹಾಕಿ, ಆಮೇಲೆ ಪ್ರೊಸೆಸರ್ ರೀಬೂಟ್ ಮಾಡುತ್ತೀರಿ, ಎಲ್ಲ ಚೆನ್ನಾಗಿ ಓಡುತ್ತದೆ. ಗಿರಣಿಯಲ್ಲಿ ಕರೆಂಟ್ ಹೋಗಿ ಬಂದಾಗ ಮಾತ್ರ ಬರುವುದಿಲ್ಲ.

ಬಳ್ಳಾರಿ_ಕೋಟೆ:
ಮೇಡಂ, ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನಮ್ಮ ಕಡೆ ಕರೆಂಟ್ ದಿನಕ್ಕೆ ಎಷ್ಟು ಸಲ ಹೋಗುತ್ತದೆ ಎಲ್ಲರಿಗೂ ಗೊತ್ತು. ತುಂಬಾ ಒಳ್ಳೆಯದನ್ನು ಹಿಡಿದಿರಿ.

ಟೇಬಲ್ ಮೇಲೆ ಓಡಿದ್ದು ಹೊರಗೆ ಓಡದಿರುವುದು ದೊಡ್ಡವರಿಗೂ ಆಗಿದೆ. 2019ರ ಜೂನ್‌ನಲ್ಲಿ ಬಂದ ರಾಸ್ಪ್‌ಬೆರಿ ಪೈ 4ರಲ್ಲಿ ಯುಎಸ್‌ಬಿ-ಸಿಯ ಎರಡು ಸಿಸಿ ಪಿನ್‌ಗೂ (ಚಾರ್ಜರ್ ಎದುರಿನ ಸಾಧನವನ್ನು ಗುರುತಿಸುವ ಪಿನ್) ಸೇರಿಸಿ ಒಂದೇ 5.1 ಕಿಲೋ ಓಮ್ ಇಟ್ಟಿದ್ದರು, ಒಂದೊಂದಕ್ಕೂ ಬೇರೆ ಬೇರೆ ಇರಬೇಕಿತ್ತು. ಸಾದಾ ಕೇಬಲ್‌ನಲ್ಲಿ ಓಡಿತು. ಒಳಗೆ ಚಿಪ್ ಇರುವ ಕೇಬಲ್ ಹಾಕಿದರೆ ಚಾರ್ಜರ್ ಅದನ್ನು ಆಡಿಯೊ ಸಾಧನ ಎಂದು ತಿಳಿದು ಕರೆಂಟ್ ಕೊಡಲಿಲ್ಲ. ತಪ್ಪು ಒಪ್ಪಿಕೊಂಡು ಮುಂದಿನ ಬೋರ್ಡ್‌ಗಳಲ್ಲಿ ಸರಿಮಾಡಿದರು. ಒಂದು ರೆಸಿಸ್ಟರಿನ ವಿಷಯ. ನಿನ್ನ ಬೋರ್ಡಿನ ಸರ್ವಿಸ್ ಪೋರ್ಟ್ ನೋಡಿದೆ, ಎರಡು ಬೇರೆ ಬೇರೆ ಇವೆ, ಸರಿ ಇದೆ.

ಗಂಗಾವತಿ_ಸೋನಾ:
ಎರಡು ತಿಂಗಳ ಮೇಲೆ ಬರೆಯುತ್ತಿದ್ದೇನೆ. ಬೋರ್ಡ್ ಬಂತು. ಸಿರುಗುಪ್ಪದ ಅಣ್ಣ ಹೇಳಿದ ಹಾಗೇ ಗೆರೆ ಎಳೆದುಕೊಟ್ಟರು, ದುಡ್ಡು ತಗೊಳ್ಳಲಿಲ್ಲ. ಒಂದು ಸಂಜೆ ಒಗ್ಗರಣೆ ಮಂಡಕ್ಕಿ, ಮಿರ್ಚಿ ಮಾತ್ರ ತಿಂದರು.

ಕ್ಲಾಕ್ ಮೊದಲ ಸಲಕ್ಕೇ ಬಂತು, 156.25 ಸರಿಯಾಗಿ. ಪಿಸಿಐ ಎಕ್ಸ್‌ಪ್ರೆಸ್ 5 ಗಿಗಾಬಿಟ್‌ನಲ್ಲಿ ಹಿಡಿಯಿತು. ಮೇನ್ ಸ್ವಿಚ್ ಆಫ್ ಮಾಡಿ ಆನ್ ಮಾಡಿ 50 ಸಲ ನೋಡಿದೆ, 50 ಸಲವೂ ಬಂತು ಮೇಡಂ.

ಎಸ್‌ಎಫ್‌ಪಿ ಮಾತ್ರ ಬರಲಿಲ್ಲ. ಎರಡೂ. ಎದುರಿನ ಮಾಡ್ಯೂಲ್‌ಗೆ ಬೆಳಕೇ ಬರುತ್ತಿಲ್ಲ ಎಂದು ಎಲ್‌ಒಎಸ್ ಹೇಳುತ್ತಿತ್ತು. ಫೈಬರ್ ಬದಲಿಸಿದೆ, ತುದಿ ಒರೆಸಿದೆ, ಮಾಡ್ಯೂಲ್ ಅದಲುಬದಲು ಮಾಡಿದೆ. ಆಮೇಲೆ ಕಾಕಾ ಹೇಳಿದ ಎ3 ಕಾಗದಗಳನ್ನು ಗೋಡೆಗೆ ಅಂಟಿಸಿ ನಿಂತೆ.

ತೋರಣಗಲ್_ನೈಟ್_ಶಿಫ್ಟ್:
ಟಿಎಕ್ಸ್ ಡಿಸೇಬಲ್?

ಗಂಗಾವತಿ_ಸೋನಾ:
ಹೌದು ಅಣ್ಣಾ. ಆ ಪಿನ್ ಅನ್ನು ಎಸ್‌ಎಫ್‌ಪಿ ತನ್ನೊಳಗೇ ಮೇಲಕ್ಕೆ ಎಳೆದಿರುತ್ತದೆ, ನಾವು ಕೆಳಗೆ ಎಳೆಯದಿದ್ದರೆ ಲೇಸರ್ ಆಫ್. ಸ್ಕೀಮ್ಯಾಟಿಕ್‌ನಲ್ಲಿ ಎಫ್‌ಪಿಜಿಎಗೆ ಜೋಡಿಸಿದ್ದೆ, ಆದರೆ ಕೋಡ್‌ನಲ್ಲಿ ಆ ಪಿನ್ ಬರೆದೇ ಇರಲಿಲ್ಲ. ಕೋಡ್‌ನಲ್ಲಿ ಎರಡು ಸಾಲು ಸೇರಿಸಿದೆ, ಎರಡೂ ಲಿಂಕ್ ಬಂದವು.

ಬಳ್ಳಾರಿ_ಕೋಟೆ:
ಅಭಿನಂದನೆ ಗುರು! ತಪ್ಪುಗಳನ್ನು ಎಣಿಸಿದೆಯಾ? ಎಷ್ಟು ಹೊತ್ತು ಓಡಿಸಿದೆ? 3.125 ಗಿಗಾಬಿಟ್‌ನಲ್ಲಿ 16 ನಿಮಿಷ ತಪ್ಪಿಲ್ಲದೆ ಓಡಿದರೆ, ಲಕ್ಷ ಕೋಟಿ ಬಿಟ್‌ಗೆ ಒಂದಕ್ಕಿಂತ ಕಡಿಮೆ ತಪ್ಪು ಎಂದು ಶೇ 95ರ ಭರವಸೆಯಿಂದ ಹೇಳಬಹುದು.

ಗಂಗಾವತಿ_ಸೋನಾ:
ರಾತ್ರಿ 8ರಿಂದ ಬೆಳಿಗ್ಗೆ 10ರ ತನಕ, 14 ಗಂಟೆ, ಪಿಆರ್‌ಬಿಎಸ್-31 ಪ್ಯಾಟರ್ನ್ (ಪರೀಕ್ಷೆಗೆ ಕಳಿಸುವ ಅಡ್ಡಾದಿಡ್ಡಿ ಬಿಟ್‌ಗಳ ಸಾಲು). ಒಂದೊಂದು ಲಿಂಕ್‌ನಲ್ಲೂ 157 ಲಕ್ಷ ಕೋಟಿ ಬಿಟ್, ತಪ್ಪು ಸೊನ್ನೆ. ಮಧ್ಯಾಹ್ನ ಪೆಟ್ಟಿಗೆ ಮುಚ್ಚಿ, ಎಲ್‌ಇಡಿ ಪೂರ್ತಿ ಹಚ್ಚಿ, ಹೊರಗಿನಿಂದ ಹೇರ್ ಡ್ರೈಯರ್ ಗಾಳಿ ಬಿಟ್ಟು ಒಳಗೆ 65 ಡಿಗ್ರಿ ಮಾಡಿ ಮತ್ತೆ ಎರಡು ಗಂಟೆ ಓಡಿಸಿದೆ. ಆಗಲೂ ಸೊನ್ನೆ.

ಶಕ್ತಿನಗರ_ಹಳದಿ_ಪೆನ್:
ಬಹಳ ಸಂತೋಷ ಆಯಿತು ತಮ್ಮಾ. ಒಂದು ಕೇಳುತ್ತೇನೆ, ಆ ಟಿಎಕ್ಸ್ ಡಿಸೇಬಲ್ ಗೆರೆಗೆ ಹಳದಿ ಹಚ್ಚಿದ್ದೆಯಾ?

ಗಂಗಾವತಿ_ಸೋನಾ:
ಇಲ್ಲ ಕಾಕಾ. 11 ಪುಟದಲ್ಲಿ ಬಿಳಿ ಉಳಿದದ್ದು ಅವೆರಡೇ ಗೆರೆ, ಪುಟ 7ರ ಕೆಳಗಿನ ಮೂಲೆಯಲ್ಲಿ. ಆವತ್ತು ರಾತ್ರಿ ಎರಡು ಗಂಟೆ ಆಗಿತ್ತು, ಬೆಳಿಗ್ಗೆ ನೋಡೋಣ ಅಂತ ಮಲಗಿದ್ದೆ. ಈಗ ಹಚ್ಚಿದೆ.